ಹಿಗ್ಗದ ಪಟ್ಟಿ

ಭಾನುವಾರ ಅಪ್ಪನ ಕಾಲಿಗೆ ಎಣ್ಣೆ ಹಚ್ಚುವುದು ನನ್ನ ಕೆಲಸ. ಅಪ್ಪ ಮಂಚದ ಮೇಲೆ ಕೂತು ಗೋಡೆ ನೋಡುತ್ತಾರೆ. ನಾನು ನೆಲದ ಮೇಲೆ ಕೂತು ಆ ಕೃತಕ ಕಾಲನ್ನು ಮಡಿಲಲ್ಲಿ ಮಲಗಿಸಿಕೊಂಡು ಒರೆಸುತ್ತೇನೆ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಸದಾ ವಟಗುಟ್ಟುವ ಅಪ್ಪನ ತಂಗಿ, ನನ್ನ ಅತ್ತೆಯೂ. ಅಮ್ಮ ಇದ್ದಾಗಿನಿಂದ ಹೀಗೆಯೇ. ಅವಳು ಬಟ್ಟೆ ಹೊಲಿಯುತ್ತಿದ್ದಳು. ಕಿರುಗುಟ್ಟಿದ್ದಕ್ಕೆಲ್ಲ ಮೆಷಿನ್ ಎಣ್ಣೆ ಬಿಡುತ್ತಿದ್ದಳು: ಬಾಗಿಲಿಗೆ, ಕತ್ತರಿಗೆ, ಕಾಲನ್ನು ತೊಡೆಗೆ ಬಿಗಿಯುವ ಈ ಚರ್ಮದ ಪಟ್ಟಿಗೆ. ಅವಳು ಹೋದ ಮೇಲೆ ಎಣ್ಣೆಯ ಡಬ್ಬಿ ನನ್ನ ಕೈಗೆ ಬಂತು.

ಬಕಲಿನ ಹತ್ತಿರ ಒರೆಸುತ್ತಿದ್ದೆ. ನೆನೆದ ಕಾಗದದ ಹಾಗೆ ಪಟ್ಟಿ ನನ್ನ ಬೆರಳಲ್ಲೇ ಬಿಟ್ಟುಕೊಂಡಿತು.

ಅಪ್ಪ ಗೋಡೆಯಿಂದ ಕಣ್ಣು ತೆಗೆದರು.

ಅಪ್ಪನದು ಗಾಜು ಕತ್ತರಿಸುವ ಅಂಗಡಿಯಲ್ಲಿ ನಿಂತು ಮಾಡುವ ಕೆಲಸ. ಹೋದ ವಾರ ಕೈಯಲ್ಲಿ ಗಾಜು ಇದ್ದಾಗಲೇ ಓಲಾಡಿಬಿಟ್ಟಿದ್ದರು. ಏನೂ ಒಡೆಯಲಿಲ್ಲ, ಆದರೆ ಯಜಮಾನರು ನೋಡಿದ್ದರು. ಸೋಮವಾರ ಬಂದು ಸಂಜೆಯವರೆಗೆ ನಿಂತು ತೋರಿಸಬೇಕು, ಆಗದಿದ್ದರೆ ಮನೆಯಲ್ಲೇ ಇರಬಹುದು ಅಂದಿದ್ದರು. ನಾಳೆಯೇ ಸೋಮವಾರ. ಕಾಲು ಮಾಡಿಕೊಟ್ಟ ಆಸ್ಪತ್ರೆ ಬೇರೆ ಊರಲ್ಲಿದೆ.

"ಸುಮ್ನೆ ಕೂತ್ರೆ ಕೂಡ್ಕೊಳತ್ತಾ? ಅಂಟು ಹಾಕು," ಅಂದಳು ಅತ್ತೆ.

ಅಂಟು ಹಚ್ಚಿ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿಟ್ಟೆ. ತೆಗೆದು ನೋಡಿದರೆ ಅಂಟು ಪೊರೆಯಂತೆ ಕಳಚಿ ಬಂತು. ಸೂಜಿ ಹಾಕಿದೆ. ಚುಚ್ಚಿದಲ್ಲೆಲ್ಲ ಹರಿಯಿತು. ಅರ್ಧಕ್ಕೆ ಬಿಟ್ಟ ಶಾಲೆಯ ಚೀಲ ಅಟ್ಟದ ಮೇಲಿತ್ತು. ಅದರ ನೈಲಾನ್ ಪಟ್ಟಿ ಕತ್ತರಿಸಿ ಕಟ್ಟಿದೆ. ಅಪ್ಪ ಎದ್ದು ನಿಂತರು, ಹೆಜ್ಜೆ ಇಟ್ಟರು. ನೈಲಾನ್ ಜಾರಿ ಪಾದ ಬಾಗಿಲ ಕಡೆ ತಿರುಗಿತು. ಅಪ್ಪ ಕಿಟಕಿಯ ಸರಳು ಹಿಡಿದುಕೊಂಡರು.

"ಕಾಲು ಒಂದು ಕಡೆ, ಸವಾರಿ ಒಂದು ಕಡೆ," ಅಂದಳು ಅತ್ತೆ. ಯಾರೂ ನಗಲಿಲ್ಲ, ಅವಳೂ.

ಆಮೇಲೆ ಅವಳೇ ಟ್ರಂಕಿನಿಂದ ಒಂದು ಬೆಲ್ಟು ತಂದಳು. "ನಿನ್ನ ಮಾವಂದು. ಅಪ್ಪಟ ಚರ್ಮ ಅಂತ ಮೆರೀತಿದ್ದ." ಮೊಳೆಯಿಂದ ತೂತು ಹೊಡೆದೆ. ಮೇಲಿನ ಪದರ ಬಿರಿದು ಒಳಗಿನ ರಟ್ಟು ಕಾಣಿಸಿತು. ಅತ್ತೆ ಆ ರಟ್ಟನ್ನು ಉಗುರಿನಿಂದ ಕೆದಕಿದಳು. "ಅವನೂ ಹಾಗೇ ಇದ್ದ ಬಿಡು. ಮೇಲೆ ಥಳುಕು, ಒಳಗೆ ಹುಳುಕು."

ಹರಿದ ಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ನಿಲ್ದಾಣದ ಪಕ್ಕ ಕೂರುವ ಚಪ್ಪಲಿ ರಿಪೇರಿಯವನ ಹತ್ತಿರ ಹೋದೆ. ಅವನು ಪಟ್ಟಿಯನ್ನು ಮೂಸಿ ನೋಡಿದ.

"ಇದಕ್ಕೆ ಎಣ್ಣೆ ಕುಡಿಸಿದ್ದು ಯಾರು?"

ನಾನು ಎಣ್ಣೆಯಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡೆ.

"ಇಷ್ಟು ಎಣ್ಣೆ ಕುಡಿದ ಮೇಲೆ ಅಂಟೂ ಹಿಡಿಯಲ್ಲ, ದಾರಾನೂ ಹಿಡಿಯಲ್ಲ ಮಗಳೇ."

"ಹೊಸದು ಹಾಕಿ," ಅಂದೆ. ಬಸ್ಸಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಅಪ್ಪನ ಕೆಲಸ ಏನೆಂದೂ ಹೇಳಿದೆ.

"ಹೊಸದು ಹಾಕಿದ್ರೆ ಮಧ್ಯಾಹ್ನದ ಹೊತ್ತಿಗೆ ಹಿಗ್ಗತ್ತೆ. ಗಾಜು ಹಿಡ್ಕೊಂಡು ಬಿದ್ರೆ? ಹಳೇದು ಬೇಕು. ಎಳೆದೂ ಎಳೆದೂ, ಇನ್ನು ಹಿಗ್ಗೋಕೆ ಏನೂ ಉಳಿದಿರಬಾರದು. ಎರಡು ಬೆರಳಗಲ, ದಪ್ಪಗಿರ್ಲಿ. ತಂದ್ರೆ ರಿವೆಟ್ ಹೊಡೆದು ಕೊಡ್ತೀನಿ. ಕತ್ತಲಾದ್ರೆ ಪೆಟ್ಟಿಗೆ ಮುಚ್ತೀನಿ ನೋಡು."

ಹಳೆಯ ಸಾಮಾನಿನ ಅಂಗಡಿಗಳ ಸಾಲಿಗೆ ಹೋದೆ. ಸೂಟ್‌ಕೇಸಿನ ಹಿಡಿ, ಕ್ಯಾಮೆರಾ ಚೀಲ, ಸೈಕಲ್ ಸೀಟು. ಉಗುರಿನಿಂದ ಕೆರೆದು ನೋಡಿದರೆ ಎಲ್ಲವೂ ರೆಕ್ಸಿನ್. ಊರಿಗೆ ಊರೇ ರೆಕ್ಸಿನ್ ಹೊದ್ದುಕೊಂಡಿತ್ತು. "ಕೊಳ್ಳೋಕೆ ಬಂದ್ಯೋ ಕೆರೆಯೋಕೆ ಬಂದ್ಯೋ?" ಎಂದು ಅಂಗಡಿಯವನು ಗದರಿದ ಮೇಲೆ ಹೊರಟುಬಂದೆ.

ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತೆ. ದಿನಾ ಗುಡಿಸುವವಳು ನಾನೇ. ಅಲ್ಲಿ ಕೂತಾಗ ನೆನಪಾಯಿತು. ನೆನಪಾಗದಿದ್ದರೇ ಚೆನ್ನಾಗಿತ್ತು ಅನಿಸಿತು.

ಮೇಲಿನ ಮನೆಯಲ್ಲಿ ದೊಡ್ಡಪ್ಪ ಇದ್ದಾರೆ. ಸ್ವಂತ ದೊಡ್ಡಪ್ಪನಲ್ಲ, ಹಾಗೆ ಕರೆಯುತ್ತೇವೆ. ಲಾರಿ ಓಡಿಸುತ್ತಿದ್ದವರು. ಅವರ ಹತ್ತಿರ ಕರುವಿನಷ್ಟು ದೊಡ್ಡ ನಾಯಿಯಿತ್ತು. ಬೆಳಿಗ್ಗೆ ಅದೇ ಅವರನ್ನು ಮೆಟ್ಟಿಲಿಳಿಸಿ ಬೀದಿಯುದ್ದಕ್ಕೂ ಎಳೆದುಕೊಂಡು ಹೋಗುತ್ತಿತ್ತು. ಬೇಸಿಗೆಯಲ್ಲಿ ಸತ್ತಿತು. ಅದರ ಕತ್ತಿನ ಚರ್ಮದ ಪಟ್ಟಿ ಬಾಗಿಲ ಒಳಗಿನ ಮೊಳೆಯಲ್ಲಿ ನೇತಾಡುತ್ತದೆ. ಹೊರಡುವಾಗ ದೊಡ್ಡಪ್ಪ ಅದನ್ನು ಒಮ್ಮೆ ಮುಟ್ಟುತ್ತಾರೆ, ಬಂದಾಗಲೂ. ಪೊರಕೆ ಹಿಡಿದವರು ಇದ್ದಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ನನಗೆ ಗೊತ್ತು.

ಮನೆಯಲ್ಲಿ ಹೇಳಿದೆ.

"ಬೇಡ," ಅಂದರು ಅಪ್ಪ. "ಆ ನಾಯಿಗೆ ನಾನು ಬೈದಷ್ಟು ಯಾರೂ ಬೈದಿಲ್ಲ. ಅದು ಸತ್ತ ದಿನಾನೂ, ಸದ್ಯ ಇನ್ಮೇಲೆ ನಿದ್ದೆ ಮಾಡಬಹುದು ಅಂದೆ. ಅವನು ಮೆಟ್ಟಿಲ ಮೇಲೇ ಇದ್ದ."

"ಹಾಗಾದ್ರೆ ಇವಳು ಹೋಗ್ಲಿ," ಅಂದಳು ಅತ್ತೆ. "ಇವಳು ಯಾರಿಗೂ ಏನೂ ಅಂದಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನಿನ್ನ ಮಗಳಿಗೆ ಬಾಯಿದೆ ಅಂತಾನೇ ಊರಿಗೆ ಗೊತ್ತಿಲ್ಲ."

"ನಾಯಿ ಪಟ್ಟಿ ಕಟ್ಕೊಂಡು ಕೆಲಸಕ್ಕೆ ಹೋಗ್ಲಾ ನಾನು?"

"ಯಜಮಾನ ಪ್ಯಾಂಟು ಎತ್ತಿ ನೋಡ್ತಾನಾ?"

ಅಪ್ಪ ಒಂಟಿ ಕಾಲನ್ನು ನೆಲಕ್ಕೆ ಊರಿ ಕೂತಿದ್ದರು. ಕಿಟಕಿಯ ಕಡೆ ನೋಡುತ್ತ, "ಕತ್ತಲಾಗ್ತಾ ಇದೆ," ಅಂದರು. ಹೋಗು ಅನ್ನಲಿಲ್ಲ.

ಮೆಟ್ಟಿಲು ಹತ್ತುವಾಗ ಮಾತು ಜೋಡಿಸಿಕೊಂಡೆ: ಅಪ್ಪನ ಪರವಾಗಿ ತಪ್ಪಾಯಿತು ಅನ್ನಬೇಕು, ನಾಯಿಯ ಬಗ್ಗೆ ಒಳ್ಳೆಯ ಮಾತಾಡಬೇಕು, ಆಮೇಲೆ ಕೇಳಬೇಕು. ಬಾಗಿಲು ತೆರೆದಾಗ ಎಲ್ಲ ಮರೆತುಹೋಯಿತು.

"ಏನಮ್ಮಾ? ನೀರು ಬರ್ತಿಲ್ವಾ?"

ನಾನು ಮೊಳೆಯ ಕಡೆ ನೋಡಿದೆ. ಎರಡು ಬೆರಳಗಲ, ದಪ್ಪ, ಅಂಚು ಸವೆದಿದೆ, ಬಕಲಿನ ಹತ್ತಿರ ಎಳೆದ ಗೆರೆಗಳು. ದೊಡ್ಡಪ್ಪ ನನ್ನ ಕಣ್ಣನ್ನು ಹಿಂಬಾಲಿಸಿ ತಾವೂ ಅತ್ತ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಹರಿದ ಪಟ್ಟಿಯನ್ನು ನೋಡಿದರು. ಕೆಳಗೆ ನಮ್ಮ ಮನೆಯಲ್ಲಿ ಏನೋ ಧಡ್ ಎಂದಿತು, "ನಿಧಾನ ಅಣ್ಣಾ!" ಎಂದು ಅತ್ತೆ ಕೂಗಿದ್ದು ಕೇಳಿಸಿತು.

ದೊಡ್ಡಪ್ಪ ಮೊಳೆಯಿಂದ ಪಟ್ಟಿಯನ್ನು ತೆಗೆದರು. ನನಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು. ಅವರ ಹಿಂದಿನ ಕಿಟಕಿಯಲ್ಲಿ ಬೀದಿ ದೀಪ ಹತ್ತಿತು.

"ದೊಡ್ಡಪ್ಪಾ," ಅಂದೆ, "ಅದನ್ನ ಅಪ್ಪನ ಕಾಲಿಗೆ ಕೊಡಿ."