ನೀರುನಾಯಿ ಸರ್ ಹೊನ್ನಾವರಕ್ಕೆ ಹೋದದ್ದು

ಮಾರ್ಚ್ ತಿಂಗಳ ಮೊದಲ ಶನಿವಾರ ನಸುಕಿನಲ್ಲೇ ನಿತಿನ ಸರ್ ಅವರ ಕಾರು ಹುಕ್ಕೇರಿ ಬಿಟ್ಟಿತು. ಹೊನ್ನಾವರದ ದಂಡೆಯಲ್ಲಿ ಕಡಲಾಮೆಗಳ ಮೊಟ್ಟೆ ಕಾಯುವ ಮಂದಿ ಭಾನುವಾರ ಒಂದು ಸಣ್ಣ ಸಭೆ ಇಟ್ಟುಕೊಂಡು, ಘಟಪ್ರಭೆಯ ನೀರುನಾಯಿಗಳ ಬಗ್ಗೆ ಮಾತಾಡಲು ಸರ್ ಅವರನ್ನು ಕರೆದಿದ್ದರು. ಹೇಗೂ ಹೋಗುವುದಿದೆ, ಎರಡು ದಿನ ಸಮುದ್ರ ನೋಡಿ ಬರೋಣವೆಂದು ಹೆಂಡತಿ ಪ್ರಣಿತಾ ಜೊತೆಗೆ ಹೊರಟಿದ್ದಳು. ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಅವಚಿಕೊಂಡು ಕೂತವಳು ಪೂನಮ್, ಸರ್ ಪ್ರಾಣಿಶಾಸ್ತ್ರ ಕಲಿಸುವ ಕಾಲೇಜಿನ ಲ್ಯಾಬ್ ಸಹಾಯಕಿ. ಅವಳು ಬಂದಿರುವುದು ತೆರೆಯ ಮೇಲೆ ಚಿತ್ರ ಬದಲಿಸಲಿಕ್ಕೆ ಎಂದು ಸರ್ ತಿಳಿದಿದ್ದರು.

ಅವಳು ಬಂದಿದ್ದು ಅವರ ಮಾನ ಕಳೆಯಲಿಕ್ಕೆ.

ಮೂರು ವರ್ಷದ ಹಿಂದಿನ ಮಾತು. ಎರಡು ಚಳಿಗಾಲ ಪೂನಮ್ ಪ್ರತಿ ಭಾನುವಾರ ತನ್ನೂರು ಮಸಗುಪ್ಪಿಗೆ ಹೋಗಿ, ಕಾಲೇಜಿನ ಕ್ಯಾಮೆರಾ ಹಿಡಿದು ಘಟಪ್ರಭೆಯ ದಂಡೆಯ ಜೇಕುಹುಲ್ಲಿನಲ್ಲಿ ಬೋರಲು ಮಲಗುತ್ತಿದ್ದಳು. ಹರೆಯದ ಹುಡುಗಿ ಒಬ್ಬಳೇ ಹೊಳೆಗೆ ಹೋದರೆ ಊರು ನಾಲ್ಕು ಮಾತಾಡೀತೆಂದು ಅವ್ವ ಇಂದ್ರವ್ವ ಬಟ್ಟೆಯ ಗಂಟು ಹೊತ್ತು ಬೆನ್ನಿಗೇ ಬರುತ್ತಿದ್ದಳು. ಮೂವತ್ತು ವರ್ಷ ಅದೇ ಕಲ್ಲಿನ ಮೇಲೆ ಒಗೆದ ಹೆಂಗಸಿಗೆ ನೀರುನಾಯಿಗಳು ಹೆದರುತ್ತಿರಲಿಲ್ಲ. ಒಂದು ಮುಂಜಾನೆ ಮೂರು ಮರಿಗಳ ಜೊತೆ ತಾಯಿ ನೀರುನಾಯಿ ಮೀನು ಕಚ್ಚಿಕೊಂಡು ಅವಳ ಹತ್ತು ಮಾರು ದೂರಕ್ಕೇ ಬಂದು ಕೂತಿತು. ಪೂನಮ್ ಉಸಿರು ಬಿಗಿಹಿಡಿದು ಫೋಟೋ ತೆಗೆದಳು.

ಲ್ಯಾಬಿನ ಕಂಪ್ಯೂಟರಿಗೆ ಹಾಕಿಡುತ್ತೇನೆಂದು ನಿತಿನ ಸರ್ ಮೆಮೊರಿ ಕಾರ್ಡು ಇಸಿದುಕೊಂಡರು. ಕಾರ್ಡು ಖಾಲಿಯಾಗಿ ಮರಳಿತು. ಎರಡು ತಿಂಗಳಿಗೆ ಆ ಫೋಟೋಕ್ಕೆ ದೊಡ್ಡ ಸ್ಪರ್ಧೆಯೊಂದರಲ್ಲಿ ಪ್ರಶಸ್ತಿ ಬಂತು, ಕೆಳಗೆ ನಿತಿನ ಸರ್ ಹೆಸರು. ಊರೂರಲ್ಲಿ ಶಾಲು ಹೊದಿಸಿದರು. 'ನೀರುನಾಯಿ ಸರ್' ಎಂಬ ಹೆಸರೇ ನಿಂತುಬಿಟ್ಟಿತು. ಪೂನಮ್ ಪ್ರಾಂಶುಪಾಲರ ಹತ್ತಿರ ದೂರು ಒಯ್ದಾಗ ಸರ್ ನಕ್ಕರು.

"ಕ್ಯಾಮೆರಾ ಕಾಲೇಜಿಂದು ಐತ್ರಿ. ಈಕಿ ನನ್ನ ಬ್ಯಾಗ್ ಹಿಡಕೊಂಡು ಬರತಿದ್ಲು, ಅಷ್ಟ."

ಸಾಕ್ಷಿ ಇರಲಿಲ್ಲ. ಸುಳ್ಳು ಆರೋಪ ಮಾಡಿದೆನೆಂದು ಅವಳಿಂದಲೇ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡರು. ಅವತ್ತಿನಿಂದ ಅವಳ ಹೊಟ್ಟೆಯಲ್ಲಿ ಒಂದು ಕೆಂಡ ಕೂತಿತ್ತು, ಆರಲಿಲ್ಲ.

ಹೋದ ತಿಂಗಳು ತಮ್ಮ ಶುಭಮ್ ಟ್ರಂಕಿನಲ್ಲಿ ಬಿದ್ದಿದ್ದ ಒಡಕು ಮೊಬೈಲನ್ನು ಗೋಕಾಕದಲ್ಲಿ ರಿಪೇರಿ ಮಾಡಿಸಿದ. ಫೋಟೋ ತೆಗೆದ ದಿನ ಅವ್ವನಿಗೆ ತೋರಿಸಲೆಂದು ಪೂನಮ್ ಆ ಮೊಬೈಲಿಗೆ ಒಂದಿಷ್ಟು ಫೋಟೋ, ವಿಡಿಯೋ ಕಳಿಸಿದ್ದಳು, ಮರೆತೂ ಬಿಟ್ಟಿದ್ದಳು. ಎಲ್ಲವೂ ಹಾಗೇ ಇದ್ದವು. ಅವಳು ಯಾರಿಗೂ ಹೇಳಲಿಲ್ಲ. ಹೊನ್ನಾವರದ ಕರೆ ಬಂದಾಗ ತಾನೇ ಮುಂದೆ ಹೋಗಿ, "ಲ್ಯಾಪ್‌ಟಾಪ್ ನಾ ನೋಡ್ಕೋತೇನ್ರಿ ಸರ್" ಎಂದಳು.

ಯಲ್ಲಾಪುರ ದಾಟಿದ ಮೇಲೆ ಕಾಡಿನಲ್ಲಿ ಚಹಾಕ್ಕೆ ನಿಂತಾಗ ಮಂಗಟ್ಟೆ ಹಕ್ಕಿಯೊಂದು ಕೊಕ್ಕಿನಲ್ಲಿ ಹಣ್ಣು ಹಿಡಿದು ತಲೆಯ ಮೇಲೆ ಹಾರಿತು. "ನೋಡ, ಹೆಣ್ಣು ಮರಿಗಿ ಹಣ್ಣ ಒಯ್ಯಾಕತ್ತೈತಿ" ಎಂದರು ಸರ್ ಹೆಂಡತಿಗೆ. ಈ ದಿನಗಳಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಮೆತ್ತಿಕೊಂಡು ಕೂತಿರುತ್ತದೆ, ತಿನಿಸು ತರುವುದು ಗಂಡು. ಪೂನಮ್ ತಿದ್ದಲಿಲ್ಲ, ಚಹಾ ಕುಡಿದಳು.

ಮಧ್ಯಾಹ್ನ ಅಂಕೋಲೆಯ ಖಾನಾವಳಿಯಲ್ಲಿ ಅವಳು ಹುರಿದ ಬಂಗಡೆ ಮೀನು ಹೇಳಿದ್ದೇ ತಡ, ಸರ್ ಮೂಗು ಸಿಂಡರಿಸಿ, "ನೀ ಆ ಕಡೆ ಕೂಡು" ಎಂದರು. ಅವಳು ಆ ಕಡೆ ಕೂತು ಒಂದೊಂದೇ ಮುಳ್ಳು ಬಿಡಿಸಿ ನಿಧಾನಕ್ಕೆ ತಿಂದಳು. ಅಷ್ಟರಲ್ಲಿ ಪ್ರಣಿತಾ ಅನ್ನ, ಅಪ್ಪೆಹುಳಿಯ ತಟ್ಟೆ ಎತ್ತಿಕೊಂಡು ಬಂದು ಎದುರಿಗೆ ಕೂತಳು.

"ಒಬ್ಬಾಕಿನ ಯಾಕ ಉಣ್ತಿ? ಆ ವಾಸನಿ ನನಗೇನ್ ಮಾಡಂಗಿಲ್ಲ."

ಪೂನಮ್ ತನ್ನ ತಟ್ಟೆ ಸರಿಸಿ ಜಾಗ ಮಾಡಿದಳು. ಸರ್ ಮಾನ ಹೋದರೆ ಈಕೆಯ ಮುಖವೂ ಬಾಡೀತೆಂಬುದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಿಟ್ಟುಬಿಡಲೇ ಎಂದು ಆ ರಾತ್ರಿಯಿಡೀ ಮನಸ್ಸು ಹೊಯ್ದಾಡಿತು.

ಬಿಡದ ಹಾಗೆ ಮಾಡಿದವರು ಸರ್ ಅವರೇ. ಭಾನುವಾರ ಬೆಳಗು ಹರಿಯುವಾಗ ದಂಡೆಯಲ್ಲಿ ಆಮೆಮರಿಗಳನ್ನು ಬಿಟ್ಟರು. ಅಂಗೈಯಲ್ಲಿ ಹಿಡಿಸುವಷ್ಟು ಕರಿ ಮರಿಗಳು ಮರಳಲ್ಲಿ ತೆವಳುತ್ತ, ತೆರೆ ಬಡಿದಾಗ ಮಗುಚುತ್ತ, ಮತ್ತೆ ಎದ್ದು ಹೋಗುತ್ತಿದ್ದವು. ಪ್ರಣಿತಾ ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಸರ್ ಪೂನಮ್ ಕೈಗೆ ಕ್ಯಾಮೆರಾ ತುರುಕಿದರು.

"ನಾಕ ಚಲೋ ಫೋಟೋ ತಗಿ. ನಾನ ತಗದದ್ದು ಅಂತ ಭಾಷಣದಾಗ ಹಾಕೋಣು."

"ಹೂನ್ರಿ ಸರ್" ಎಂದಳು ಪೂನಮ್. ಹೊಯ್ದಾಟ ಅಲ್ಲಿಗೆ ಮುಗಿಯಿತು.

ಹತ್ತಕ್ಕೆ ಸಾಲೆಯ ಹಾಲ್‌ನಲ್ಲಿ ಕಿಟಕಿ ಮುಚ್ಚಿ ಸಭೆ ಕೂಡಿತು. ನಲವತ್ತು ಜನರಿದ್ದರು. ಮೀನುಗಾರರು, ಮಾಸ್ತರರು, ಆಮೆಗೂಡು ಕಾಯುವ ಅಣ್ಣಪ್ಪ, ಮುಂದಿನ ಸಾಲಿನಲ್ಲಿ ಪ್ರಣಿತಾ. ಪ್ರಶಸ್ತಿಯ ಫೋಟೋ ತೆರೆಯ ಮೇಲೆ ಬಂದಾಗ ಸರ್ ದನಿ ತಗ್ಗಿಸಿದರು. "ಮೂರು ತಾಸು ಥಂಡಿ ನೀರಿನಲ್ಲಿದ್ದೆ. ಆ ಹೊಳೆಯಲ್ಲಿ ನಾನು ಮತ್ತು ನೀರುನಾಯಿ, ಬೇರೆ ನರಪಿಳ್ಳೆ ಇರಲಿಲ್ಲ."

ಪೂನಮ್ ಗುಂಡಿ ಒತ್ತಿದಳು. ಅದೇ ಫೋಟೋ, ಈ ಸಲ ಇಡಿಯಾಗಿ ಬಂತು. ಸರ್ ಕತ್ತರಿಸಿ ಎಸೆದಿದ್ದ ಎಡಭಾಗದಲ್ಲಿ ಮೊಣಕಾಲುಮಟ ನೀರಿನಲ್ಲಿ, ಸೀರೆ ಎತ್ತಿ ಕಟ್ಟಿದ ಹೆಂಗಸೊಬ್ಬಳು ನಿಂತಿದ್ದಳು.

"ಬದಿಗೆ ನಿಂತವ್ರು ಯಾರು?" ಅಣ್ಣಪ್ಪ ಕೇಳಿದ.

ಸರ್ ತಿರುಗಿ ನೋಡಿದರು. "ಆಕಿ... ಯಾರೋ ಊರಾಕಿ. ಬಟ್ಟಿ ಒಗ್ಯಾಕ ಬಂದಿರಬೇಕು."

"ಆಕಿ ಹೆಸರ ಹೇಳ್ರಿ ಸರ್" ಎಂದು ಪೂನಮ್ ಎದ್ದು ನಿಂತಳು.

"ನನಗೇನ ಗೊತ್ತು? ಪೂನಮ್, ಮುಂದಿಂದು ಹಾಕು."

ಅವಳು ಮುಂದಿನದು ಹಾಕಿದಳು. ಅದು ಅರೆ ನಿಮಿಷದ ವಿಡಿಯೋ. ಅದೇ ನೀರುನಾಯಿ, ಅದೇ ಮರಿಗಳು. ಕ್ಯಾಮೆರಾದ ಕಡೆ ತಿರುಗಿದ ಇಂದ್ರವ್ವನ ಪಿಸುದನಿ ಹಾಲ್ ತುಂಬ ಕೇಳಿಸಿತು: "ಪೂನಮ್, ಸಾಕ ಮಾಡ ಯವ್ವಾ. ಥಂಡಿ ಹತ್ತತೈತಿ ನಿನಗ."

"ಆಕಿ ನಮ್ಮವ್ವ" ಎಂದಳು ಪೂನಮ್.

ಪ್ರಣಿತಾ ಎದ್ದು ಗಂಡನ ಎದುರು ನಿಂತಳು. "ಖರೆ ಏನ್ರಿ ಇದು?" ಸರ್ ನೆಲ ನೋಡಿದರು. ಅವಳು ಹೊರಗೆ ನಡೆದಳು.

"ಊರಿಗಿ ಹೋಗಿ ಮಾತಾಡೋಣು, ಪೂನಮ್" ಎಂದರು ಸರ್ ಮೆಲ್ಲಗೆ.

"ಊರಾಗ ಒಮ್ಮೆ ಮಾತಾಡೀನ್ರಿ. ಪತ್ರಾ ನಾ ಬರದಿದ್ದೆ. ಈಗ ನೀವು ಬರೀರಿ, ಇವರೆಲ್ಲಾರ ಮುಂದ."

ಅಣ್ಣಪ್ಪ ಹಾಳೆ ತಂದಿಟ್ಟ. ಸರ್ ಬರೆದುಕೊಟ್ಟದ್ದನ್ನು ಅವಳು ಗಟ್ಟಿಯಾಗಿ ಓದಿದಳು. 'ನಮ್ಮಿಬ್ಬರ ಪರಿಶ್ರಮದಿಂದ' ಎಂದಿತ್ತು. ಅವಳು ಅದನ್ನು ಹರಿದು ಇನ್ನೊಂದು ಹಾಳೆ ಮುಂದಿಟ್ಟಳು. ಎರಡನೆಯ ಸಲ ಅವಳೇ ಹೇಳಿದಳು, ಸರ್ ಬರೆದರು. 'ಕದ್ದೆ' ಎಂಬಲ್ಲಿ ಪೆನ್ನು ನಿಂತಿತು. ಅವಳು ಕಾದಳು. ಆ ಎರಡಕ್ಷರ ಹಾಳೆಗಿಳಿಯುವುದನ್ನು ನೋಡುವಾಗ ಅವಳಿಗೆ ಮೈತುಂಬ ಸುಖವಾಯಿತು, ಸುಳ್ಳೇಕೆ ಹೇಳಬೇಕು. ಪತ್ರದ ಫೋಟೋ ತೆಗೆದು ಸ್ಪರ್ಧೆಯವರಿಗೆ ಅಲ್ಲಿಂದಲೇ ಕಳಿಸಿದಳು.

ಹೊರಗೆ ಪ್ರಣಿತಾ ಕಾರಿಗೆ ಒರಗಿ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

"ನನಗ ಮೊದಲ ಹೇಳಬಹುದಿತ್ತಲ್ಲ ನೀ."

"ಹೇಳಿದ್ರ ತಡೀತಿದ್ರಿ ಅಕ್ಕಾರ."

ಪ್ರಣಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೌದು. ತಡೀತಿದ್ದೆ."

ಪೂನಮ್ ತನ್ನ ಬ್ಯಾಗ್ ಮಾತ್ರ ತೆಗೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದಳು. ಪ್ರಣಿತಾ ಆಮೇಲೆ ಅವಳ ಜೊತೆ ಮಾತಾಡಲಿಲ್ಲ. ಅದೊಂದು ಮುಳ್ಳು ಉಳಿಯಿತು. ಪ್ರಶಸ್ತಿ ಮೇ ತಿಂಗಳಲ್ಲಿ ಪೂನಮ್ ಹೆಸರಿಗೆ ಬಂತು. ನಿತಿನ ಸರ್ ಬೇರೆ ಊರಿನ ಕಾಲೇಜು ಹುಡುಕಿಕೊಂಡರು.

ಹೊನ್ನಾವರದ ಸಭೆಯ ಮರುದಿನ, ಸೋಮವಾರ, ಮಸಗುಪ್ಪಿಯ ಮನೆಯಲ್ಲಿ ಇಂದ್ರವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು. 'ಪಾಪ ಮಾಡಿದಿ' ಎಂದಾಳೆಂದು ಪೂನಮ್ ಒಳಗೊಳಗೇ ಅಂಜಿದ್ದಳು. ಇಂದ್ರವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಕೈ ಒರೆಸಿಕೊಂಡು ಮಗಳ ಹತ್ತಿರ ಸರಿದು ಕೂತಳು.

"ಹಾಳಿ ಹರದ ಕೂಡಲೇ ಅವನ ಮಾರಿ ಹೆಂಗಾಗಿತ್ತ? ಅದನ್ನಷ್ಟ ಇನ್ನೊಮ್ಮೆ ಹೇಳ" ಎಂದಳು.