ಸಾಸವಡದ ಅಂಜೂರದ ಹುಳುಗಳು

ಅನುಸೂಯಾ ಹೇಳಿದ್ದು ನಿಜವಾಗಿತ್ತು ಎಂದು ತಿಳಿಯಲು ಸುಮಂಗಲಾಗೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ಧಾರವಾಡದ ಸುಮಂಗಲಾ ಪುಣೆಯ ಒಂದು ಸಂಶೋಧನಾಲಯದಲ್ಲಿ ದುಂಡುಹುಳುಗಳನ್ನು ಅಭ್ಯಾಸ ಮಾಡುವವಳು. ಮಿಲಿಮೀಟರಿನಷ್ಟೇ ಉದ್ದದ, ಕೊಳೆತ ಹಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ಹುಳುಗಳು. ಇದ್ದ ತಿನಿಸನ್ನು ಬಿಟ್ಟು ಹೊಸದನ್ನು ಹುಡುಕಲು ಅವು ಯಾವಾಗ ಹೊರಡುತ್ತವೆ ಎಂಬುದು ಅವಳ ಪ್ರಶ್ನೆ. ಅವಳ ಕೈಕೆಳಗೆ ಅನುಸೂಯಾ ಎಂಬಾಕೆ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು, ಪುಣೆಯ ಅಂಚಿನ ನಿಗಡಿಯಲ್ಲಿ ಬೆಳೆದು ಹನ್ನೆರಡನೆಯ ತರಗತಿ ಮುಗಿಸಿದವಳು. ಆರಿದರೆ ಹೆಪ್ಪುಗಟ್ಟುವ ಅಗರ್ ಕಾಸಿ ಗಾಜಿನ ತಟ್ಟೆಗಳಿಗೆ ಸುರಿಯುವುದು, ನಡುವೆ ಬ್ಯಾಕ್ಟೀರಿಯಾದ ಹನಿ ಇಡುವುದು, ಕೂದಲಿನಷ್ಟು ಸಣ್ಣ ತಂತಿಯಿಂದ ಹುಳುಗಳನ್ನು ಎತ್ತಿ ಬಿಡುವುದು, ಒಂದೊಂದು ತಳಿಯ ಒಂದಿಷ್ಟು ಮರಿಗಳನ್ನು ಫ್ರೀಜರಿನಲ್ಲಿ ಕಾಯ್ದಿಡುವುದು, ಇವೆಲ್ಲ ಅವಳದೇ. ಹೊರಗೆಲ್ಲ ಮರಾಠಿ ನಡೆದರೂ ಮೈಕ್ರೋಸ್ಕೋಪಿನ ಮುಂದೆ ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸುಮಂಗಲಾ ಪುಣೆ ಹತ್ತಿರದ ಸಾಸವಡದ ತೋಟವೊಂದರಿಂದ ಬಿದ್ದು ಕೊಳೆತ ಅಂಜೂರ ತಂದಳು. ಅದರಲ್ಲಿ ಸಿಕ್ಕ ಹುಳುಗಳ ಸಂತತಿಗೆ ‘ಸಾಸವಡ’ ಎಂದೇ ಹೆಸರಾಯಿತು. ಪ್ರಯೋಗಾಲಯದ ಹಳೆಯ ತಳಿ ತಿನಿಸು ಮುಗಿಯುತ್ತ ಬರುವವರೆಗೂ ಕದಲುವುದಿಲ್ಲ. ಈ ಹೊಸ ಹುಳುಗಳನ್ನು ತಟ್ಟೆಗೆ ಬಿಟ್ಟ ಮರುದಿನವೇ ಅನುಸೂಯಾ ಬಂದಳು.

“ಅಕ್ಕಾರ, ಇವು ಅರ್ಧ ಉಂಡು ಎದ್ದು ಹೋಗ್ತಾವ್ರಿ. ತಿನ್ನಾಕ ಇನ್ನೂ ಭಾಳ ಅದ, ಆದ್ರೂ ಅಂಚಿನ್ಯಾಗ ಅಡ್ಡಾಡ್ಲಿಕ್ಕತ್ತಾವು.”

ಸುಮಂಗಲಾ ಇಣುಕಿ ನೋಡಿದಳು. “ಅಗರ್ ಒಣಗಿದಂಗ ಅದ. ಹನೀನೂ ಸರಿ ಬಿದ್ದಿಲ್ಲ. ಮತ್ತ ಮಾಡು.”

ಮತ್ತೆ ಮಾಡಿದರೂ ಅದೇ ಆಯಿತು. ಮೂರನೆಯ ಸಲವೂ ಅದೇ. ವರದಿ ಕಳಿಸುವ ದಿನ ಹತ್ತಿರ ಬಂದಿತ್ತು. ಮೂರು ವಾರ ನೀರಿನಲ್ಲಿ ಹೋಮವಾಯಿತೆಂದು ಸುಮಂಗಲಾ ಕುದಿಯುತ್ತಿದ್ದಳು. ಆಗ ಅನುಸೂಯಾ ಎರಡು ತಟ್ಟೆಗಳನ್ನು ಅವಳ ಮುಂದಿಟ್ಟಳು.

“ಒಂದೇ ದಿನ, ಒಂದೇ ಪಾತ್ರ್ಯಾಗಿನ ಅಗರ್ ರೀ. ಹಳೇ ಹುಳಾ ಕುಂತಾವ, ಇವು ಎದ್ದಾವ. ಪ್ಲೇಟಿನ ತಪ್ಪಲ್ರಿ ಇದು. ಅವುಗಳ ಹುಟ್ಟುಗುಣಾನೇ ಹಂಗ ಇರಬೇಕು.”

“ಹುಟ್ಟುಗುಣ ಯಾವ್ದು, ನಿನ್ನ ಕೈಗುಣ ಯಾವ್ದು ಅನ್ನೋದು ನಾ ಹೇಳ್ತೀನಿ. ನೀ ಪ್ಲೇಟ್ ಹಾಕು, ಸಾಕು.”

ಮಾತು ಗಟ್ಟಿಯಾಗಿಯೇ ಬಂತು. ಕೋಣೆಯಲ್ಲಿದ್ದವರು ತಲೆಯೆತ್ತಿ ನೋಡಿದರು. ಅನುಸೂಯಾ ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಎರಡು ದಿನದ ಮೇಲೆ ಸುಮಂಗಲಾ ಸಾಸವಡದ ತಳಿಯನ್ನೇ ಎಸೆದುಬಿಡಲು ಹೇಳಿದಳು. ಮಾರ್ಚಿನಲ್ಲಿ ಗುತ್ತಿಗೆ ಮುಂದುವರಿಸುವ ಫಾರ್ಮು ಬಂದಾಗ, ‘ಕೆಲಸದಲ್ಲಿ ಅಜಾಗರೂಕತೆ, ತಿದ್ದಿದರೆ ಎದುರುತ್ತರ’ ಎಂದು ಬರೆದು ಸಹಿ ಹಾಕಿದಳು. ಕಡೆಯ ದಿನ ಅನುಸೂಯಾ ಬಾಗಿಲಲ್ಲಿ ನಿಂತು “ಬರ್ತೀನ್ರಿ ಅಕ್ಕಾರ” ಎಂದಾಗ ಸುಮಂಗಲಾ ಕಂಪ್ಯೂಟರಿನಿಂದ ಕಣ್ಣು ಕೀಳದೆ “ಹ್ಞೂಂ” ಎಂದಿದ್ದಳು.

ಎರಡು ವರ್ಷದ ಮೇಲೆ ಫ್ರೀಜರ್ ಸ್ವಚ್ಛ ಮಾಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ನೀಲಿಮಾ ಒಂದು ಸಣ್ಣ ಕೊಳವೆ ಹಿಡಿದುಕೊಂಡು ಬಂದಳು. ಅವಳು ಮರಾಠಿಯವಳು, ಕೊಳವೆಗೆ ಅಂಟಿಸಿದ್ದ ಚೀಟಿಯ ಅಕ್ಷರ ಅವಳಿಗೆ ಓದಲು ಬರಲಿಲ್ಲ. ಕನ್ನಡದಲ್ಲಿ ಬರೆದಿತ್ತು: ‘ಸಾಸವಡ. ಅರ್ಧಕ್ಕ ಏಳ್ತಾವ.’ ಎಸೆಯಲು ಹೇಳಿದ ದಿನದ ತಾರೀಖೇ ಇತ್ತು. ಎಸೆಯುವ ಮೊದಲು ಅನುಸೂಯಾ ಒಂದಿಷ್ಟನ್ನು ಉಳಿಸಿಟ್ಟಿದ್ದಳು.

ಈ ಸಲ ಸುಮಂಗಲಾ ತಾನೇ ಅಗರ್ ತೂಗಿ, ಕಾಸಿ, ಸುರಿದಳು. ಕರಗಿಸಿದ ಕೊಳವೆಯ ಮರಿಗಳು ಜೀವ ಹಿಡಿದುಕೊಂಡಿದ್ದವು. ಅವು ಬೆಳೆದು ಸಂತಾನವಾದ ಮೇಲೆ ಒಂದು ಸಾಲಿನಲ್ಲಿ ಹಳೆಯ ತಳಿ, ಇನ್ನೊಂದರಲ್ಲಿ ಇವು. ಮರುದಿನ ಮಧ್ಯಾಹ್ನಕ್ಕೆ ಹಳೆಯವು ಇದ್ದಲ್ಲೇ ಇದ್ದವು. ಸಾಸವಡದವುಗಳಲ್ಲಿ ನೂರಕ್ಕೆ ಎಪ್ಪತ್ತು ಹುಳುಗಳು ತಿನಿಸು ಬಿಟ್ಟು ಹೊರಬಿದ್ದಿದ್ದವು. ಐದು ಸಲ ಮಾಡಿದರೂ ಹಾಗೆಯೇ. ನೀಲಿಮಾ ಎರಡೂ ತಳಿಗಳನ್ನು ಕೂಡಿಸಿ, ಅವುಗಳ ಮೊಮ್ಮಕ್ಕಳನ್ನು ಬೆಳೆಸಿ, ಯಾವುವು ಕೂರುತ್ತವೆ, ಯಾವುವು ಹೊರಡುತ್ತವೆ ಎಂದು ತಿಂಗಳುಗಟ್ಟಲೆ ಎಣಿಸಿದಳು. ವ್ಯತ್ಯಾಸದ ಬಹುಪಾಲು ಒಂದು ವರ್ಣತಂತುವಿನ ಚಿಕ್ಕ ತುಣುಕಿನಲ್ಲಿತ್ತು. ಅಪ್ಪ ಅವ್ವನಿಂದ ಬಂದದ್ದು, ತಟ್ಟೆಯಿಂದಲ್ಲ. ನೀಲಿಮಾ ಪೇಢೆ ತಂದು ಎಲ್ಲರಿಗೂ ಹಂಚಿದಳು. ಸುಮಂಗಲಾ ತನ್ನ ಪೇಢೆಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದಳು.

ಆ ಭಾನುವಾರ ಹಳೆಯ ಫಾರ್ಮಿನಲ್ಲಿದ್ದ ವಿಳಾಸ ಹಿಡಿದು ನಿಗಡಿಗೆ ಹೋದಳು. ಮನೆಯವರು ಹಿಂದಿನ ಓಣಿಯ ಖಾನಾವಳಿ ತೋರಿಸಿದರು. ಅನುಸೂಯಾ ಇನ್ನೂ ಮೂವರು ಹೆಂಗಸರ ಜೊತೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಸುಮಂಗಲಾಳನ್ನು ಕಂಡು ಗಡಬಡಿಸಿ ಎದ್ದು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು.

“ಅನುಸೂಯಾ, ನೀ ಹೇಳಿದ್ದು ಖರೇ ಇತ್ತು. ಅದು ಹುಟ್ಟುಗುಣಾನೇ.”

ಅನುಸೂಯಾಳ ಮುಖ ಅರಳಿತು. “ಆ ಹುಳಾ ಬದುಕ್ಯಾವೇನ್ರಿ? ಮತ್ತ ಅರ್ಧಕ್ಕ ಎದ್ವೇನ್ರಿ? ಹಳೇವನ್ನ ಬಾಜೂಕ ಇಟ್ಟಿದ್ರಿ?”

“ಇಟ್ಟಿದ್ದೆ. ನೀ ಇಟ್ಟಂಗ.”

ಆಮೇಲೆ ಸುಮಂಗಲಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು: ಲೇಖನದಲ್ಲಿ ಅವಳ ಹೆಸರು ಹಾಕುತ್ತೇನೆ, ಮತ್ತೆ ಕೆಲಸಕ್ಕೆ ಕರೆಸುತ್ತೇನೆ, ಒಳ್ಳೆಯ ಪತ್ರ ಬರೆದುಕೊಡುತ್ತೇನೆ.

“ಹೆಸರು ಹಾಕ್ರಿ. ನಾ ಮಾಡಿದ ಕೆಲಸ, ಬ್ಯಾಡ ಅನ್ನಂಗಿಲ್ಲ,” ಎಂದಳು ಅನುಸೂಯಾ. “ಆದ್ರ ಪತ್ರ ಈಗ ಯಾಕ್ರಿ? ನಿಮ್ಮಲ್ಲಿಂದ ಬಿಟ್ಟ ಮ್ಯಾಲೆ ಎರಡು ಲ್ಯಾಬಿನವರು ಕರದಿದ್ರು. ಮೇಡಮ್ಮಾರಿಗೆ ಫೋನ್ ಮಾಡಿ ಕೇಳ್ತೀವಿ ಅಂದ್ರು. ಮತ್ತ ಕರೀಲಿಲ್ಲ.”

ಒಂದು ಫೋನು ಸುಮಂಗಲಾಗೆ ಆಗಲೇ ನೆನಪಾಯಿತು. ಮೀಟಿಂಗಿಗೆ ಹೊರಟವಳು ಬಾಗಿಲಲ್ಲೇ ನಿಂತು “ಅವಳನ್ನು ನಂಬಿ ಕೆಲಸ ಕೊಡುವ ಹಾಗಿಲ್ಲ” ಎಂದು ಮರಾಠಿಯಲ್ಲಿ ಹೇಳಿದ್ದಳು. ಅರ್ಧ ನಿಮಿಷವೂ ಆಗಿರಲಿಲ್ಲ. ಇನ್ನೊಂದು ಫೋನು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಅಷ್ಟು ಸುಲಭವಾಗಿ ಮಾತಾಡಿ ಮರೆತಿದ್ದಳು.

“ನನ್ನದು ತಪ್ಪಾತು, ಅನುಸೂಯಾ.”

ಅನುಸೂಯಾ ಒಂದು ಮಣೆ ಎಳೆದು ಅವಳ ಮುಂದಿಟ್ಟಳು. “ಆ ಕೆಲಸ ನನಗ ಭಾಳ ಸೇರತಿತ್ರಿ,” ಎಂದಳು. “ಈಗ ನಾಕು ಮಂದಿ ಕೂಡಿ ಇದನ್ನ ನಡಸೇವಿ. ಇವರನ್ನ ಬಿಟ್ಟು ಬರಾಕ ಆಗಂಗಿಲ್ಲ. ಕುಂದರ್ರಿ, ಉಂಡು ಹೋಗೀರಂತ.”

ಬಿಸಿ ರೊಟ್ಟಿ, ಪುಂಡಿಪಲ್ಯ ಬಂದವು. ಸುಮಂಗಲಾ ತಲೆ ತಗ್ಗಿಸಿ ತಿಂದಳು. ತಟ್ಟೆಯಲ್ಲಿ ಏನೂ ಬಿಡಲಿಲ್ಲ.

ಅನುಸೂಯಾಳನ್ನು ಕೇಳಿ ಬರೆದುಕೊಂಡಿದ್ದ ಆ ಎರಡೂ ಲ್ಯಾಬಿಗೆ ಸೋಮವಾರ ಫೋನ್ ಮಾಡಿದಳು. ಒಂದು ಕಡೆ ಆಗ ಇದ್ದವರು ಬೇರೆ ಊರಿಗೆ ಹೋಗಿದ್ದರು. ಇನ್ನೊಂದು ಕಡೆಯವರು ಸೌಜನ್ಯದಿಂದಲೇ ಕೇಳಿಸಿಕೊಂಡರು. ಅನುಸೂಯಾ ಎಂಬ ಹೆಸರು ಅವರಿಗೆ ನೆನಪಿರಲಿಲ್ಲ.

“ನಾನು ಅವಳ ಬಗ್ಗೆ ಹೇಳಿದ್ದು ಸುಳ್ಳಾಗಿತ್ತು,” ಎಂದಳು ಸುಮಂಗಲಾ ಮರಾಠಿಯಲ್ಲಿ.

“ಇರಲಿ ಬಿಡಿ ಮೇಡಂ, ಆ ಜಾಗ ಆಗಲೇ ತುಂಬಿತು,” ಎಂದರು ಅವರು. “ಬೇರೇನಾದರೂ ಕೆಲಸ ಇತ್ತೇ?”

ಇಲ್ಲವೆಂದು ಅವಳು ಫೋನ್ ಇಟ್ಟಳು.