ಎಡಗಡೆಯ ಮುಂದಿನ ಚಕ್ರ

ವ್ಯಾನಿನ ಎಡಗಡೆಯ ಮುಂದಿನ ಚಕ್ರ ಬಿಚ್ಚುವ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು. ಹಿರೀಸಾವೆಯ ಹೆದ್ದಾರಿ ಪಕ್ಕದಲ್ಲಿ ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲಾಗುವುದಿಲ್ಲ.

ಅದು ಶಾಲೆ ಮಕ್ಕಳ ವ್ಯಾನು. ಓಡಿಸುವವಳು ಯಶೋಧರಾ. ಬೆಳಿಗ್ಗೆ ಮಕ್ಕಳನ್ನು ಇಳಿಸಿ ಬರುವಾಗ ಚಕ್ರದಿಂದ ಹೊಗೆ ಎದ್ದು, ಯಾರ್ಯಾರ ಕೈಲೋ ತಳ್ಳಿಸಿಕೊಂಡು ನನ್ನ ಶೆಡ್ಡಿಗೆ ತಂದಿದ್ದಳು. ಹಿಂದೆಯೇ ಕಾರಿನಲ್ಲಿ ಮಾಲೀಕ ಲಕ್ಷ್ಮೀನರಸಿಂಹ ಬಂದರು. ಹೊಳೆನರಸೀಪುರದವರು, ಚನ್ನರಾಯಪಟ್ಟಣದಲ್ಲಿ ಮೇಷ್ಟರಾಗಿದ್ದು ನಿವೃತ್ತರಾದ ಮೇಲೆ ವ್ಯಾನು ಇಟ್ಟವರು.

"ಗ್ರೀಸಿಲ್ಲದೆ ಓಡಿಸಿದ್ದಾಳೆ, ಇನ್ನೇನು? ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದಿದೀನಿ. ನೀವೂ ಒಂದು ಮಾತು ಹೇಳಿಬಿಡಿ ಸಣ್ಣಯ್ಯ, ನನಗೂ ಸಮಾಧಾನ."

"ಸದ್ದು ಬತ್ತಾ ಇರ್ಲಿಲ್ವೇನವ್ವಾ?" ಎಂದು ಅವಳನ್ನು ಕೇಳಿದೆ.

"ಎಲ್ಡು ಸಲ ಯೋಳಿದ್ದೆ ಕಣಣ್ಣ. ರೇಡಿಯೋ ಜೋರಾಗಿ ಆಕ್ಕೋ, ಕೇಳಕಿಲ್ಲ ಅಂದ್ರು."

"ಅದು ತಮಾಷೆಗೆ ಅಂದಿದ್ದಮ್ಮ!" ಎಂದರು ಮೇಷ್ಟರು.

"ಬೇರಿಂಗ್ ನೋಡ್ದೆ ಯಾರ ಮ್ಯಾಲೂ ಯೋಳಕಾಗಕಿಲ್ಲ ಸ್ವಾಮಿ" ಎಂದೆ.

ನನಗೂ ಅಳುಕಿತ್ತು. ಶಾಲೆ ಶುರುವಾಗುವ ಮುಂಚೆ ಆ ಬೇರಿಂಗ್ ಹಾಕಿದವನು ನಾನೇ. ಈ ಬೇರಿಂಗಿನ ರೋಲರುಗಳು ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ನಟ್ಟು ಬಿಗಿ ಮಾಡಿ, ಮತ್ತೆ ಕಾಲು ಸುತ್ತು ಸಡಿಲಿಸಿ, ಚಕ್ರ ಹಿಡಿದು ಅಲ್ಲಾಡಿಸಿ ನೋಡಬೇಕು. ಸಡಿಲಿಸುವುದನ್ನು ಮರೆತರೆ ಸುಟ್ಟೇ ಹೋಗುತ್ತದೆ. ಆವತ್ತು ಸಡಿಲಿಸಿದ್ದೆನೋ ಇಲ್ಲವೋ, ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಹೊರಗಿನ ಸಣ್ಣ ಬೇರಿಂಗ್ ನೀಲಿಗಟ್ಟಿ ಹಾಳಾಗಿತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಒಳಗಿನ ದೊಡ್ಡದನ್ನು ಡೀಸೆಲ್ಲಿನಲ್ಲಿ ತೊಳೆಯುವ ಮೊದಲು ಗ್ರೀಸನ್ನು ಬೆರಳಲ್ಲಿ ತೆಗೆದು ಮೂಸಿದೆ. ಬೇಕಾದಷ್ಟಿತ್ತು. ಆದರೆ ಮಜ್ಜಿಗೆ ಕಲಸಿದ ಹಾಗೆ ಬೆಳ್ಳಗಾಗಿತ್ತು.

ತೊಳೆದು ಬಿಸಿಲಿಗೆ ಹಿಡಿದೆ. ರೋಲರುಗಳು ಓಡಾಡುವ ಬಳೆಯ ಒಂದೇ ಮಗ್ಗುಲಲ್ಲಿ ಐದಾರು ಕಪ್ಪು ಗೆರೆ, ಎರಡು ರೋಲರಿನ ನಡುವಿನಷ್ಟು ದೂರಕ್ಕೆ ಒಂದೊಂದು. ಗೆರೆಗಳ ಮೇಲೆ ಉಕ್ಕು ಚಕ್ಕೆ ಎದ್ದಿತ್ತು. ಬಿಗಿ ಜಾಸ್ತಿಯಾಗಿದ್ದರೆ ಬಳೆ ಸುತ್ತಲೂ ಉಜ್ಜಿರುತ್ತಿತ್ತು. ಇದು ಗಾಡಿ ನಿಂತಿದ್ದಾಗ ಬೇರಿಂಗಿನೊಳಗೆ ನೀರು ನಿಂತು ಹಿಡಿದ ತುಕ್ಕು. ನನ್ನ ಎದೆ ಒಂದಿಷ್ಟು ಹಗುರಾಯಿತು.

"ಗಾಡಿ ಯಾವಾಗ ನಿಂತಿತ್ತವ್ವಾ?"

"ಆಯುಧಪೂಜೆ ಆದ್ಮೇಲೆ. ದಸರಾ ರಜ, ಅನ್ನೆಲ್ಡು ದಿನ ತೆಗೀಲೇ ಇಲ್ಲ."

"ಪೂಜೆ ದಿನ ಎಲ್ಲಿ ತೊಳ್ದೆ?"

"ಚಾನಲ್ ನೀರ್ನಾಗೆ. ಇವ್ರ ನೆಂಟ್ರನ್ನ ಹಾಸನದ ಟೇಸನ್ನಿಗೆ ಬಿಟ್ಟು ಓಡ್ಬತ್ತಾ ಇದ್ದೆ. ರಾವುಕಾಲಕ್ಕೆ ಮುಂಚೆ ಪೂಜೆ ಆಗ್ಬೇಕು, ಅಂಗೇ ನೀರಿಗಿಳ್ಸು ಅಂತ ಪೋನ್ ಮ್ಯಾಲೆ ಪೋನು."

ಮೇಷ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

"ಅಷ್ಟು ದೂರ ಓಡಿ ಕಾದ ಚಕ್ರಾನ ತಣ್ಣೀರಿಗೆ ಇಳ್ಸುದ್ರೆ ಒಳಗಿನ ಗಾಳಿ ಕುಗ್ಗಿ ನೀರು ಎಳ್ಕತದೆ ಸ್ವಾಮಿ. ಅರ್ಧ ಗಂಟೆ ಆರೋಕೆ ಬಿಡ್ಬೇಕಿತ್ತು" ಎಂದೆ.

"ಪ್ರತಿ ವರ್ಷ ಹಾಗೇ ತೊಳೆಯೋದಲ್ವೇನ್ರೀ? ಹಿಂದಿನ ಡ್ರೈವರ್ ಪಾಪಯ್ಯನ ಕಾಲದಲ್ಲಿ ಯಾವ ಬೇರಿಂಗೂ ಹೋಗಲಿಲ್ಲ. ನೀರು ಹೋಗದ ಹಾಗೆ ಸೀಲು ಇರುತ್ತಲ್ಲ! ಇವಳೇ ಏನೋ ಮಾಡಿದ್ದಾಳೆ."

ಮೇಷ್ಟರ ಪ್ರಶ್ನೆ ಸರಿಯಾಗಿಯೇ ಇತ್ತು. ಆ ಸೀಲು ನನ್ನ ಕಾಲ ಬಳಿ ಬಿದ್ದಿತ್ತು. ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಅಂಚಿನಲ್ಲಿ ನನ್ನ ಸುತ್ತಿಗೆಯ ಏಟಿನ ತಗ್ಗು. ಹೊಸ ಸೀಲು ಪಟ್ಟಣದಿಂದ ತರಿಸಬೇಕಿತ್ತು. ಆವತ್ತು ಸುಸ್ತಾಗಿತ್ತು. ಮುಂದಿನ ಸಲ ಬದಲಾಯಿಸಿದರಾಯಿತು ಎಂದು ಹಳೆಯದನ್ನೇ ಬಡಿದು ಕೂರಿಸಿದ್ದೆ.

ಪಕ್ಕದಲ್ಲೇ ಸುಟ್ಟ ಆಯಿಲಿನ ಡಬ್ಬ. ಸೀಲನ್ನು ಕಾಲಲ್ಲಿ ಅದರ ಹಿಂದಕ್ಕೆ ಒಂದಿಷ್ಟು ನೂಕಿದ್ದರೆ ಸಾಕಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಯಶೋಧರಾ ಅದನ್ನು ನೋಡಿರಲಿಲ್ಲ. ಅವಳು ರಸ್ತೆಯ ಕಡೆ ನೋಡುತ್ತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಸೀಲನ್ನು ಎತ್ತಿ ಮೇಷ್ಟರ ಕೈಗೆ ಕೊಟ್ಟೆ.

"ಇದು ಅಳೇದು. ಬದ್ಲಾಯಿಸ್ಲಿಲ್ಲ ನಾನು. ನೀರಿಗಿಳ್ಸಿದ್ದು ನಿಮ್ಮ ಪೋನು, ಒಳೀಕೆ ಬಿಟ್ಟಿದ್ದು ನನ್ನ ಸೀಲು. ಈ ಉಡ್ಗೀದು ಇದ್ರಾಗೆ ಏನೂ ಇಲ್ಲ."

ಅವರು ಸೀಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮಕ್ಕಳು ಕೂರೋ ಗಾಡಿ ಕಣ್ರೀ" ಎಂದರು. ನಾನು ತಲೆ ತಗ್ಗಿಸಿದೆ. "ಇದೊಂದು ಕೆಲಸ ಮುಗಿಸಿಕೊಡಿ. ಇನ್ನು ಮೇಲೆ ಗಾಡಿ ಇಲ್ಲಿಗೆ ಬರಲ್ಲ." ಕಾರಿನ ಬಾಗಿಲು ತೆಗೆದವರು ಅವಳ ಮುಖ ನೋಡದೆ, "ಸಂಜೆಗೆ ಬೇರೆ ಗಾಡಿ ಹೇಳಿದೀನಿ. ನಾಳೆ ಬೆಳಿಗ್ಗೆ ಏಳೂವರೆಗೆ ನೀನೇ ಬಾ" ಎಂದು ಹೋದರು.

ಯಶೋಧರಾ ವ್ಯಾನಿನ ಆ ಕಡೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ಅಣ್ಣ, ಬಲಗಡೀಕೂ ಅಳೇ ಸೀಲೇ ಆಕಿದ್ಯಾ?"

ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದೆ. ಜಾಕನ್ನು ಎಳೆದುಕೊಂಡು ಅವಳಿದ್ದ ಕಡೆಗೆ ನಡೆದೆ.